ಹನ್ನೆರಡು ಖಾಲಿ ಹಾಳೆ

"ಹನ್ನೆರಡಿದೆ. ಈ ಸಲಕ್ಕೆ ಒಂದು ಯೂಸ್ ಮಾಡ್ಕೊಳಿ, ಮಿಕ್ಕಿದ್ದು ಮುಂದಕ್ಕಾಗತ್ತೆ," ಎಂದು ಮ್ಯಾನೇಜರ್ ವಿನೋದ್ ಲಕೋಟೆಯನ್ನು ಪದ್ಮಜಾಳ ಮೇಜಿನ ಮೇಲೆ ಜಾರಿಸಿದ.

ಒಳಗಿದ್ದದ್ದು ಲೆಟರ್‌ಹೆಡ್ ಹಾಳೆಗಳು. ಮೇಲೆ ಮಾಲು ಕೊಳ್ಳುವ ದೇಶದ ಕೃಷಿ ಇಲಾಖೆಯ ಲಾಂಛನ, ಕೆಳಗೆ ಸಹಿ, ನೀಲಿ ಮೊಹರು. ನಡುವೆ ಒಂದಕ್ಷರವೂ ಇಲ್ಲ.

"ಏನಿದು? ಮ್ಯಾಟರೇ ಇಲ್ಲ."

"ನೀವೇ ಬರ್ಕೋಬೇಕಂತೆ. ಹೇಗೂ ಫಸ್ಟ್ ಟೈಮ್ ನೀವೇ ಕರೆಕ್ಟ್ ಮಾಡ್ಕೊಟ್ಟಿದ್ರಲ್ಲ."

ಅದೂ ನಿಜವೇ. ವುಡ್‌ಲ್ಯಾಂಡ್ಸ್ ಬಡಾವಣೆಯ ಈ ಕಂಪನಿಯಿಂದ ಹೊರದೇಶಕ್ಕೆ ಹೋಗುವ ಸೆನ್ಸರ್‌ಗಳು ಯಾವ ಕೆಲಸಕ್ಕೆ ಎಂದು ವಿಚಾರಿಸಿ ಸಹಿ ಹಾಕುವವಳು ಪದ್ಮಜಾ. ಎರಡು ವರ್ಷದ ಹಿಂದೆ ಆ ಇಲಾಖೆಯವರು ನಲವತ್ತು ಸೆನ್ಸರ್ ಕೇಳಿದಾಗ ನಾಲ್ಕು ಪುಟದ ಪತ್ರ ಬಂದಿತ್ತು. ಹೊಲಕ್ಕೆ ಔಷಧಿ ಹೊಡೆಯುವ ಡ್ರೋನಿಗಂತೆ, ದಯವಿಟ್ಟು ಕೊಡಬೇಕಂತೆ. ಅಲ್ಲಿನ ಸರ್ವಾಧಿಕಾರಿ ಆಗಲೇ ಗಡಿಗೆ ಟ್ಯಾಂಕು ಸಾಗಿಸುತ್ತಿದ್ದದ್ದು ಇವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಮೈಸೂರಿನ ಕಾನ್ವೆಂಟಿನಲ್ಲಿ ಓದಿದ ಕೈ ಸುಮ್ಮನಿರಬೇಕಲ್ಲ, ವ್ಯಾಕರಣ ತಿದ್ದಿ, ಅನುಮಾನ ಹುಟ್ಟಿಸುವ ಒಂದು ವಾಕ್ಯವನ್ನೂ ನಯ ಮಾಡಿ ಕೊಟ್ಟಿದ್ದಳು. ಹೋದ ವರ್ಷ ನಾನೂರು ಕೇಳಿದರು. ಪತ್ರ ಒಂದೇ ಪುಟ, 'ದಯವಿಟ್ಟು' ಮಾಯ. ಈಗ ಆರು ಸಾವಿರ. ಬೆರಳು ತೋರಿಸಿದರೆ ಹಸ್ತ ನುಂಗುವ ಜನ.

"ವಿನೋದ್, ಅವರ ಪಕ್ಕದ ದೇಶದಲ್ಲಿ ಸ್ಕೂಲ್ ಮೇಲೆ ಬಿದ್ದ ಡ್ರೋನ್ ಫೋಟೋ ನೋಡಿದ್ರಲ್ಲ. ಅದ್ರಲ್ಲಿ ನಮ್ಮ ಕಂಪನಿ ಸ್ಟಿಕರ್ ಇತ್ತು."

"ನೋಡ್ದೆ. ಅದಕ್ಕೇ ಹೇಳ್ತಿರೋದು. ಈಗ ನೋ ಅಂದ್ರೆ ಹಳೇದೆಲ್ಲ ಕೆದಕ್ತಾರೆ. ಅಂಥವರನ್ನ ಎದುರು ಹಾಕ್ಕೋಬಾರ್ದು. ನಾಳೆ ಹತ್ತಕ್ಕೆ ಲೋಡಿಂಗ್. ಹಾಂ, ನಿಮ್ಮ ವರ್ಕ್ ಪಾಸ್ ರಿನ್ಯೂವಲ್ ಕೂಡ ನನ್ನ ಟೇಬಲ್ ಮೇಲೇ ಇದೆ."

ಕಾಫಿ ಬೇಕಾ ಎಂದು ಕೇಳುವ ದನಿಯಲ್ಲೇ ಹೇಳಿದ, ಹಲ್ಕಾ. ಪಾಸ್ ಹೋದರೆ ಈ ದೇಶವನ್ನೇ ಬಿಡಬೇಕು. ಮಗಳ ಓ ಲೆವೆಲ್ ಪರೀಕ್ಷೆ ಅಕ್ಟೋಬರಿನಲ್ಲಿ. ಅದೂ ಅವನಿಗೆ ಗೊತ್ತು. ಪದ್ಮಜಾಳಿಗೆ ಕುತ್ತಿಗೆಯ ಮೇಲೆ ಹಲ್ಲಿ ಬಿದ್ದಂತಾಯಿತು. ಅದಕ್ಕಿಂತ ಹೇಸಿಗೆಯಾದದ್ದು ತನ್ನ ಬಾಯಿಂದಲೇ ಬಂದ ಮಾತು ಕೇಳಿ.

"ಮನೆಗೆ ತಗೊಂಡ್ಹೋಗಿ ನೋಡ್ತೀನಿ. ಸ್ವಲ್ಪ ಟೈಮ್ ಕೊಡಿ."

ಸಂಜೆ ಬೆಡೋಕ್‌ನ ತಮ್ಮ ವಸತಿ ಬ್ಲಾಕಿನ ಅಡಿಯ ತೆರೆದ ಜಾಗ, ವಾಯ್ಡ್ ಡೆಕ್‌ಗೆ ಬಂದರೆ, ಅಲ್ಲಿನ ಕಲ್ಲುಮೇಜಿನ ತುಂಬ ಪುಸ್ತಕ ಹರವಿಕೊಂಡು ಮಗಳು ಧೃತಿ ಓದುತ್ತಿದ್ದಳು. ಮರುದಿನ ಹಿಸ್ಟರಿ ಟೆಸ್ಟ್.

"ಅಮ್ಮ, ಕೇಳು. ಹಿಟ್ಲರ್ ಕೇಳಿದ್ದನ್ನೆಲ್ಲ ಬ್ರಿಟನ್ ಯಾಕೆ ಕೊಡ್ತಾ ಹೋಯ್ತು? ಟೈಮ್ ಸಿಗ್ಲಿ ಅಂತ. ಇದಕ್ಕೆ ಟೂ ಮಾರ್ಕ್ಸ್."

"ಸರಿಯಾಗೇ ಇದೆಯಲ್ಲ."

"ಅಷ್ಟೇ ಸಾಕಾಗಲ್ಲಮ್ಮ. ಸಿಕ್ಕಿದ ಟೈಮಲ್ಲಿ ಏನ್ ಮಾಡಿದ್ರು ಅಂತ ಟ್ಯೂಷನ್ ಸರ್ ಕೇಳ್ತಾರೆ. ಅಟ್‌ಲೀಸ್ಟ್ ಅವರು ವಿಮಾನ ಕಟ್ಟಿದ್ರು. ಏನೂ ಮಾಡ್ದೆ ಕೂತಿದ್ರೆ ಅದು ಬರೀ ಹೆದರಿಕೆ."

ಪದ್ಮಜಾ ಎದುರಿಗೆ ಕುಳಿತಳು. ಅವಳಿಗೂ ಎರಡು ವರ್ಷ ಸಿಕ್ಕಿತ್ತು. ಏನು ಮಾಡಿದ್ದಳು? ವ್ಯಾಕರಣ ತಿದ್ದಿದ್ದಳು. ಥೂ, ಎಂಥ ಬಾಳು.

ಫೋನ್ ತೆಗೆದು ಕಸ್ಟಮ್ಸ್‌ನವರಿಗೆ ಒಂದು ಮೇಲ್ ಬರೆದಳು. ಖಾಲಿ ಹಾಳೆಯ ಫೋಟೋ, ಡ್ರೋನಿನ ಫೋಟೋ ಸೇರಿಸಿದಳು. ಆ ಮೊದಲ ಪತ್ರವನ್ನು, ತಾನು ಕೆಂಪಿನಲ್ಲಿ ತಿದ್ದಿದ್ದ ಪ್ರತಿಯನ್ನೇ, ಹುಡುಕಿ ಸೇರಿಸಿದಳು, ತೆಗೆದಳು, ಮತ್ತೆ ಸೇರಿಸಿದಳು. ಆಮೇಲೆ ಕಳಿಸಿಬಿಟ್ಟಳು. ವಿನೋದನಿಗೆ ಮೂರೇ ಪದ: ಸಹಿ ಹಾಕುವುದಿಲ್ಲ, ಪದ್ಮಜಾ.

"ಧೃತಿ, ನಾವು ಮೈಸೂರಿಗೆ ವಾಪಸ್ ಹೋಗ್ಬೇಕಾಗ್ಬಹುದು. ನಿನ್ನ ಎಕ್ಸಾಮ್‌ಗೆ ಮುಂಚೇನೇ."

ಧೃತಿ ಅಮ್ಮನ ಮುಖ ನೋಡಿದಳು. ಪೆನ್ನಿನ ಮುಚ್ಚಳ ತೆಗೆದಳು.

"ನಾಳೆ ಟೆಸ್ಟ್ ಅಂತೂ ಬರೀಬೇಕಲ್ವಾ?" ಎಂದಳು.

"ಬರೀಬೇಕು."

"ಹಾಗಾದ್ರೆ ರಫ್ ಪೇಪರ್ ಕೊಡು. ತಂದಿದೀಯಾ?"

ಆಫೀಸಿನಲ್ಲಿ ಬೇಡವಾದ ಹಾಳೆ ತರುವುದು ಪದ್ಮಜಾಳ ರೂಢಿ. ಲಕೋಟೆಯಿಂದ ಒಂದನ್ನು ಸಾಕ್ಷಿಗೆಂದು ಎತ್ತಿಟ್ಟುಕೊಂಡು, ಹನ್ನೊಂದನ್ನು ಮಗಳ ಮುಂದಿಟ್ಟಳು.

"ಅಮ್ಮ, ಇದ್ರಲ್ಲಿ ಯಾರ್ದೋ ಸೈನ್ ಇದೆ."

"ಇರ್ಲಿ, ಬರಿ."

ಧೃತಿ ಪ್ರಶ್ನೆಯ ನಂಬರ್ ಹಾಕಿ ಶುರುಮಾಡಿದಳು. ಸಾಲು ಕೆಳಗಿಳಿಯುತ್ತ ಬಂತು. ಸಹಿಯ ಹತ್ತಿರ ಕ್ಷಣ ನಿಂತು, ಅದರ ಮೇಲೂ, ನೀಲಿ ಮೊಹರಿನ ಮೇಲೂ ಬರೆದು, ಹಾಳೆ ಮಗುಚಿದಳು.