ಮೂರು ಗಂಟೆಯ ಅಸ್ಪೃಶ್ಯ

"ಸೆರಗು ಬಿಗಿಯಾಗಿ ಸಿಗಿಸ್ಕಳೇ ಮುಂಡೇದೆ. ಸಂಡಿಗೆಗೆ ತಾಕಿಸ್ಬುಟ್ರೆ ಅಷ್ಟೂ ನಾಯಿಗೆ ಸುರೀಬೇಕಾಯ್ತದೆ."

ಹಿತ್ತಿಲ ಜಗಲಿಯಿಂದ ವೆಂಕಟಮ್ಮ ಕೂಗಿದಾಗ ಮರೆವ್ವನ ತಲೆಯ ಮೇಲೆ ಸಗಣಿಯ ಮಂಕರಿ ಇತ್ತು. ಸೆರಗು ಸಿಗಿಸಿಕೊಳ್ಳಲು ಕೈ ಬಿಡುವಿರಲಿಲ್ಲ. ಗೋಡೆಗೆ ಅಂಟಿಕೊಂಡು ಓರೆಯಾಗಿ ನಡೆದು ತಿಪ್ಪೆಯ ಕಡೆ ಹೋದಳು. ಮೂವತ್ತು ವರ್ಷದಿಂದ ಅದೇ ಹಾದಿ. ಅಷ್ಟರಲ್ಲಿ ಹೊಸೂರು ರಸ್ತೆಯ ಬದಿಯ ರಾಗಿ ಹೊಲಗಳು ಕಂಪನಿಗಳ ಕಾಂಪೌಂಡಾಗಿದ್ದವು, ವೆಂಕಟಮ್ಮನ ಗಂಡ ನಂಜಪ್ಪನ ಹೆಂಚಿನ ಮನೆ ಎರಡಂತಸ್ತಿನ ತಾರಸಿಯಾಗಿತ್ತು, ಅವನು ಎರಡು ಸಲ ಶಾಸಕನೂ ಆಗಿದ್ದ. ಕೊಟ್ಟಿಗೆ ಮಾತ್ರ ಇದ್ದಲ್ಲೇ ಇತ್ತು. ಅದರಲ್ಲಿ ಹತ್ತು ಸೀಮೆಹಸು. ಅವುಗಳ ಸಗಣಿ ಬಾಚಲು ಮರೆವ್ವ.

ಈ ಸಲ ನಂಜಪ್ಪ ಮಂತ್ರಿಯಾಗುತ್ತಾನೆಂದು ಊರೆಲ್ಲ ನಂಬಿತ್ತು. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಆ ಭಾನುವಾರ ಅತ್ತಿಬೆಲೆಯ ಸಭೆಯಲ್ಲಿ ಅವನು ಮೈಕಿನ ಮುಂದೆ ಕಣ್ಣೀರು ಹಾಕಿದ. "ಪಕ್ಷದ ದೊಡ್ಡವರ ಮನೆ ಬಾಗಿಲಲ್ಲಿ ಮೂರು ಗಂಟೆ ನಿಲ್ಲಿಸಿದರು. ನನ್ನನ್ನು ಅಸ್ಪೃಶ್ಯನಂತೆ ನಡೆಸಿಕೊಂಡರು" ಎಂದ.

ಆ ಒಂದು ಮಾತು ಹೊತ್ತಿಕೊಂಡಿತು. ಅವನು ಕ್ಷಮೆ ಕೇಳಬೇಕೆಂದು ವಿರೋಧ ಪಕ್ಷದವರು ವಿಧಾನಸಭೆಯಲ್ಲಿ ಗದ್ದಲ ಎಬ್ಬಿಸಿದರು. ಅತ್ತಿಬೆಲೆಯಲ್ಲಿ ದಲಿತ ಸಂಘದ ಹುಡುಗರು ಅವನ ಪ್ರತಿಕೃತಿ ಸುಟ್ಟು ಲಾರಿಗಳನ್ನು ತಡೆದರು. "ಆ ಜನರ ನೋವು ನನಗೂ ಗೊತ್ತಾಯಿತು ಎಂದಿದ್ದೇ ತಪ್ಪಾ?" ಎಂದು ನಂಜಪ್ಪ ಹೇಳಿಕೆ ಕೊಟ್ಟ. ದಿನಾ ಪೇಪರಿನಲ್ಲಿ ಅದೇ.

ಕೇರಿಯ ಗುಡಿಸಲಿನಲ್ಲಿ ಅದನ್ನು ಓದಿ ಹೇಳಿದವಳು ಮರೆವ್ವನ ಮಗಳು ಚನ್ನಕ್ಕ. ಹತ್ತನೇ ಕ್ಲಾಸು ಪಾಸಾದವಳು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಕಕ್ಕಸು ತೊಳೆಯುತ್ತಿದ್ದಳು.

"ಅಸ್ಪೃಶ್ಯ ಅಂದ್ರೆ ಯಾರೇ ಅದು?" ಮರೆವ್ವ ಕೇಳಿದಳು.

"ನಾವೇ ಕಣವ್ವ."

"ನಮ್ಗೆ ಅಂಗೆಲ್ಲಿ ಅಂತಾರೆ? ಬ್ಯಾರೆ ಅಂತಾರಲ್ಲ."

"ಅದು ಊರೋರ ಮಾತು. ಇದು ಪೇಪರ್‌ನೋರ ಮಾತು."

ಮರೆವ್ವ ಒಲೆಯ ಕಡ್ಡಿ ಮುಂದಕ್ಕೆ ತಳ್ಳಿದಳು. "ಗೌಡ್ರುಗೂ ನಮ್ ಎಸ್ರು ಬೇಕಾಯ್ತಾ" ಎಂದಳು.

ಮಾರನೆಯ ದಿನ ನಂಜಪ್ಪನ ತಮ್ಮನ ಮಗ ಶಶಿಕುಮಾರ್ ಕೊಟ್ಟಿಗೆಗೇ ಬಂದ. ಕಂಪನಿಗಳಿಗೆ ಕೂಲಿಯಾಳು ಕಳಿಸುವ ಕಂತ್ರಾಟು ಅವನದು. ಚನ್ನಕ್ಕನ ಗೇಟ್ ಪಾಸಿನ ಮೇಲಿದ್ದ ಸಹಿಯೂ ಅವನದೇ. ಮೂಗಿಗೆ ಕರ್ಚೀಫು ಹಿಡಿದುಕೊಂಡು ಒಂದು ಹೊಸ ಸೀರೆಯನ್ನು ಹಸು ಕಟ್ಟುವ ಗೊಂತಿನ ಮೇಲೆ ಎಸೆದ.

"ನಾಳೆ ಸ್ನಾನ ಮಾಡ್ಕೊಂಡು, ಇದನ್ನ ಉಟ್ಕೊಂಡು, ಹತ್ತು ಗಂಟೆಗೆ ಮುಂದಿನ ಬಾಗ್ಲಿಂದ ಬಾ. ದೊಡ್ಡಪ್ಪನ ಜೊತೆ ಊಟಕ್ಕೆ ಕೂತ್ಕೋಬೇಕು. ಪೇಪರ್‌ನೋರು ಬರ್ತಾರೆ."

"ಒಳೀಕಾ?"

"ಹೂಂ, ಒಳಕ್ಕೆ. ಏನಾದ್ರೂ ಕೇಳಿದ್ರೆ ಗೌಡ್ರು ದೇವ್ರಂಥೋರು ಅನ್ನು, ಸಾಕು. ಮಗಳು ಕೆಲ್ಸದಾಗವ್ಳೆ ಅನ್ನೋದು ತಲೇಲಿರ್ಲಿ."

ಮುಂದಿನ ಬಾಗಿಲ ಹೊಸಿಲು ದಾಟುವಾಗ ಮರೆವ್ವನ ಕಾಲು ತಾನಾಗಿ ನಿಂತುಬಿಟ್ಟಿತು. ಶಶಿಕುಮಾರ್ ಬೆನ್ನಿಗೆ ಕೈ ತಾಗಿಸದೆ, ಬರೀ ಕಣ್ಣಿನಲ್ಲಿ ಅವಳನ್ನು ಒಳಕ್ಕೆ ದಬ್ಬಿದ. ನೆಲದ ಕಲ್ಲು ನೀರಿನ ಹಾಗೆ ಹೊಳೆಯುತ್ತಿತ್ತು. ಎರಡು ಬಾಳೆ ಎಲೆ ಹಾಕಿದ್ದರು. ನಂಜಪ್ಪ ಪಕ್ಕದಲ್ಲಿ ಕೂತು, "ಬಾ ಮರೆವ್ವ" ಎಂದ. ಮೂವತ್ತು ವರ್ಷದಲ್ಲಿ ಅವನು ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. ವೆಂಕಟಮ್ಮ ಅನ್ನವನ್ನು ಮೇಲಿನಿಂದ ಉದುರಿಸಿದಳು. ಕ್ಯಾಮೆರಾಗಳು ಮಿಂಚಿದವು.

ಕಾವ್ಯಾ ಎಂಬ ಪತ್ರಿಕೆಯ ಹುಡುಗಿ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತಳು. "ಅಜ್ಜಿ, ಈ ಮನೆ ಒಳಗೆ ಮುಂಚೆ ಬಂದಿದ್ರಾ?"

ಮರೆವ್ವ ಎಲೆಯ ಮೇಲಿನ ಪಾಯಸ ನೋಡಿದಳು. ಚನ್ನಕ್ಕನ ಮುಖ ಕಣ್ಣಿಗೆ ಬಂತು.

ನಂಜಪ್ಪನೇ ಉತ್ತರ ಕೊಟ್ಟ. "ಮರೆವ್ವ ನಮ್ಮನೆ ಮಗಳಿದ್ದ ಹಾಗಮ್ಮ. ಆ ನೋವು ನನಗೂ ಗೊತ್ತು. ಮೂರು ಗಂಟೆ, ಬಿಸಿಲಲ್ಲಿ, ಬಾಗಿಲಾಚೆ."

ಮರೆವ್ವ ತಲೆಯೆತ್ತಿದಳು. ಏನೂ ಹೇಳಬಾರದೆಂದೇ ಕೂತಿದ್ದಳು. ಆದರೆ ಅವನು ನಿಜವಾಗಿ ಕಣ್ಣೊರೆಸಿಕೊಂಡದ್ದು ನೋಡಿ, ಕೇಳದೆ ಇರಲಾಗಲಿಲ್ಲ.

"ಆಮ್ಯಾಕೆ ಒಳೀಕ್ ಕರದ್ರಾ ಗೌಡ್ರೇ?"

ನಂಜಪ್ಪ ತಬ್ಬಿಬ್ಬಾದ. "ಹೂಂ... ಕರೆದ್ರು."

"ಕುರ್ಚಿ ಮ್ಯಾಲೆ ಕೂರ್ಸುದ್ರಾ?"

"ಕೂರಿಸಿದ್ರು."

"ಕಾಪಿ ಕೊಟ್ರಾ? ಅವ್ರು ಕುಡಿಯೋ ಲೋಟದಾಗೇಯಾ?"

ವೆಂಕಟಮ್ಮನ ಕೈಯಲ್ಲಿದ್ದ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಅಂಗಾರೆ ಅದು ನಮ್ದಲ್ಲ ಬುಡಿ" ಎಂದಳು ಮರೆವ್ವ, ಸಮಾಧಾನ ಹೇಳುವ ದನಿಯಲ್ಲೇ. "ನಾನು ಮೂವತ್ತೊರ್ಸದಿಂದ ನಿಂತಿವ್ನಿ. ನನ್ನ ಗಂಡ ನಿಮ್ ಬಾವಿ ತೋಡಿ ಮಣ್ಣು ಒತ್ತು ಬೆನ್ ಮುರ್ಕಂಡಾಗ್ಲೂ, ಇದೇ ಜಗ್ಲಿ ಕೆಳಗೆ ಮಲಗ್ಸಿ ಮ್ಯಾಲಿಂದ ನೀರು ಉಯ್ದ್ರಿ. ಬಾಯ್ ತೆಕ್ಕಂಡು ಕುಡುದ. ಅದ್ಕೇನಂತಾರೋ ಪೇಪರ್‌ನಾಗೆ, ನಂಗೊತ್ತಿಲ್ಲ."

ಶಶಿಕುಮಾರ್ ಜೋರಾಗಿ ನಕ್ಕ. "ಅಜ್ಜಿಗೆ ವಯಸ್ಸಾಯ್ತು ಮೇಡಂ, ಏನೇನೋ ಮಾತಾಡ್ತಾಳೆ. ಬನ್ನಿ, ಊಟ ಮಾಡಿ" ಎಂದು ಎಲ್ಲರನ್ನೂ ಎಬ್ಬಿಸಿದ. ಮರೆವ್ವ ಎಲೆ ಬಿಟ್ಟು ಎದ್ದಳು. ಹಿತ್ತಿಲಲ್ಲಿ ಅವಳ ಹಿಂದೆಯೇ ಬಂದ ಶಶಿಕುಮಾರ್, "ಲೌಡಿ, ಮೈಯಾಗಿನ ಕೊಬ್ಬು ಇಳುಸ್ತೀನಿ ತಡಿ" ಎಂದು ಹಲ್ಲು ಕಡಿದ.

ಮರುದಿನದ ಪೇಪರಿನಲ್ಲಿ ಚಿತ್ರವಷ್ಟೇ ಬಂತು. ಕೆಳಗೆ 'ಸಹಪಂಕ್ತಿ ಭೋಜನ' ಎಂದು ಒಂದು ಸಾಲು. ಕಾವ್ಯಾ ಬರೆದುಕೊಂಡದ್ದೆಲ್ಲ ಎಲ್ಲಿ ಹೋಯಿತೋ. ವಿರೋಧ ಪಕ್ಷದ ಮುಖಂಡ ಆ ಚಿತ್ರ ನೋಡಿ ತೃಪ್ತಿ ತಂದಿದೆ ಎಂದ. ವಾರ ಕಳೆಯುವುದರೊಳಗೆ ವಿಧಾನಸಭೆಯಲ್ಲಿ ಬೇರೆ ಯಾರೋ ಬೇರೆ ಏನೋ ಅಂದದ್ದಕ್ಕೆ ಬೇರೆ ಗದ್ದಲ ಶುರುವಾಯಿತು. ನಂಜಪ್ಪನನ್ನು ಒಂದು ನಿಗಮದ ಅಧ್ಯಕ್ಷನನ್ನಾಗಿ ಮಾಡಿದರು.

ಚನ್ನಕ್ಕನನ್ನು ಕಂಪನಿಯ ಗೇಟಿನಲ್ಲೇ ತಡೆದು ಪಾಸು ಕಿತ್ತುಕೊಂಡರು. ಶಶಿಕುಮಾರನ ಕೈಕೆಳಗೆ ಕೇರಿಯ ಇನ್ನೂ ಎಂಟು ಜನರಿದ್ದರು. ಅವರು ಮರೆವ್ವನ ಮನೆಯ ಮುಂದೆ ಹಾಯುವುದನ್ನೇ ಬಿಟ್ಟರು. "ಉಂಡ್ಕಂಡು ಸುಮ್ಕೆ ಬರಕ್ಕಾಗ್ನಿಲ್ವಾ ಮುದ್ಕೀಗೆ" ಎಂದದ್ದು ಗೋಡೆಯಾಚೆಯಿಂದ ಕೇಳಿಸಿತು. ಚನ್ನಕ್ಕ ಬೇರೆ ಕಂಪನಿಗಳಲ್ಲಿ ಕೆಲಸ ಕೇಳಿದರೂ ಕೊನೆಗೆ ಎಲ್ಲ ಕಡೆ ಶಶಿಕುಮಾರನ ಹೆಸರೇ ಎದುರು ಬರುತ್ತಿತ್ತು.

ಇಪ್ಪತ್ತನೆಯ ದಿನ ಬೆಳಿಗ್ಗೆ ಚನ್ನಕ್ಕ ಮಂಕರಿ ಎತ್ತಿಕೊಂಡಳು.

"ಎಲ್ಲೀಗೆ?"

"ಕೊಟ್ಗೆಗೆ. ನಿನ್ನ ಬ್ಯಾಡ ಅಂದವ್ರೆ. ನಾನು ಬಂದ್ರೆ ಸರಿ ಅಂದವ್ರೆ."

"ಓದ್ದೋಳು ಕಣೇ ನೀನು." ಮರೆವ್ವ ಮಂಕರಿಯ ಅಂಚು ಹಿಡಿದುಕೊಂಡಳು. ಮಗಳು ಒಂದೊಂದೇ ಬೆರಳು ಬಿಡಿಸಿದಳು.

"ಅಲ್ಲೂ ಹೇಲೇ ಬಳೀತಿದ್ದೆ ಕಣವ್ವ. ಇದು ದನದ್ದು."

ಮಗಳು ಹೋದ ಮೇಲೆ ಮರೆವ್ವನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ದಿಕ್ಕಿಲ್ಲದೆ ನಡೆದು ಹೊಸೂರು ರಸ್ತೆಗೆ ಬಂದಳು. ಬಸ್‌ಸ್ಟ್ಯಾಂಡಿನ ಎದುರಿಗೆ ಮನೆಯೆತ್ತರದ ತಗಡಿನ ಬೋರ್ಡನ್ನು ಗೋಡೆಗೆ ಒರಗಿಸಿ, ಪೇಂಟರ್ ಶ್ಯಾಮಣ್ಣ ನಂಜಪ್ಪನ ಅಭಿನಂದನೆಯ ಚಿತ್ರ ಬರೆಯುತ್ತಿದ್ದ. ನಂಜಪ್ಪ ಆಗಲೇ ಮುಗಿದಿದ್ದ. ಪಕ್ಕದಲ್ಲಿ, ಕೆಳಗೆ, ಬಾಳೆ ಎಲೆಯ ಮುಂದೆ ಒಬ್ಬ ಮುದುಕಿ ಬಾಯಿ ತುಂಬ ನಗುತ್ತಿದ್ದಳು.

ಅದು ತಾನೆಂದು ತಿಳಿಯಲು ಅವಳಿಗೆ ಹೊತ್ತು ಹಿಡಿಯಿತು.

"ನಾನು ನಗ್ನಿಲ್ಲ ಕಣಪ್ಪ ಅವತ್ತು."

ಶ್ಯಾಮಣ್ಣ ತಿರುಗಿ ಅವಳನ್ನೂ ಬೋರ್ಡನ್ನೂ ನೋಡಿದ. "ಗೊತ್ತಜ್ಜಿ. ಪೇಪರ್ ಫೋಟೋದಲ್ಲೂ ನಕ್ಕಿಲ್ಲ ನೀನು. ನಗೋ ಹಂಗೆ ಬರಿ ಅಂದವ್ರೆ."

"ಅಳಿಸು."

"ಅದು ನನ್ನ ಕೈಲಿಲ್ಲ."

ಮರೆವ್ವ ಹತ್ತಿರ ಹೋದಳು. ಬಣ್ಣ ಇನ್ನೂ ಹಸಿಯಾಗಿತ್ತು. ಸಗಣಿ ಸಾರಿಸುವ ಹಾಗೆ ಅಂಗೈ ಅಗಲಿಸಿ, ಆ ಮುಖದ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದಳು. ಕಣ್ಣು, ಮೂಗು, ಹಲ್ಲು ಎಲ್ಲ ಕಲಸಿಹೋಗಿ ಕಂದುಬಣ್ಣ ಬಳಿದ ಗುರುತು ಉಳಿಯಿತು. ಬಸ್ಸಿಗೆ ಕಾಯುತ್ತಿದ್ದವರು ನೋಡಿದರು, ಬಸ್ಸು ಬಂತು, ಹತ್ತಿ ಹೋದರು.

ಶ್ಯಾಮಣ್ಣ ಬೈಯಲಿಲ್ಲ. ಸೀಮೆಎಣ್ಣೆಯ ಬಟ್ಟೆ ಕೊಟ್ಟು, "ಕೈ ಒರ್ಸ್ಕೋ ಅಜ್ಜಿ" ಎಂದ. ಅವಳು ತೆಗೆದುಕೊಳ್ಳಲಿಲ್ಲ. ಅವನು ಅದೇ ಬಟ್ಟೆಯಿಂದ ತಗಡು ಒರೆಸಿ ಒಣಗಲು ಬಿಟ್ಟ, ಬೀಡಿ ಸೇದಿ ಮುಗಿಸಿದ, ಬಿಳಿ ಬಣ್ಣದ ಡಬ್ಬಿಯಲ್ಲಿ ಕುಂಚ ಅದ್ದಿದ. ಸಂಜೆಯೊಳಗೆ ಬೋರ್ಡು ಏರಿಸಬೇಕಿತ್ತು. ಈ ಸಲ ಅವನು ಹಲ್ಲಿನಿಂದಲೇ ಶುರುಮಾಡಿದ.