ಎಡಗೈ ಸುಲಿತ

ಪ್ರಸನ್ನಕುಮಾರ್ ಬರೆದ ವರದಿಯಲ್ಲಿ ತಪ್ಪು ಹುಡುಕುವುದು ಸುಲಭವಿರಲಿಲ್ಲ. ಶಿವಮೊಗ್ಗದ ದಿನಪತ್ರಿಕೆಯೊಂದಕ್ಕೆ ಕೊಪ್ಪದಿಂದ ಹನ್ನೊಂದು ವರ್ಷಗಳಿಂದ ಸುದ್ದಿ ಕಳಿಸುತ್ತಿದ್ದ ಅವನು, ವಯಸ್ಸನ್ನೂ ಊರನ್ನೂ ಎರಡೆರಡು ಸಲ ಕೇಳಿಯೇ ಬರೆಯುವವನು. 2006ರ ಜನವರಿಯ ಆ ಸೋಮವಾರ ಅವನ ವರದಿ ಅಚ್ಚಾಗಿ ಬಂದದ್ದು, ದಿಕ್ಕಿಲ್ಲದೆ ಬಂದ ಹೆಂಗಸರಿಗೆ ಆಶ್ರಯ ಕೊಡುವ ಕೊಪ್ಪದ ಮನೆಯೊಂದರ ಬಗ್ಗೆ. ಅಲ್ಲಿ ಮೂರು ವಾರದಿಂದಿದ್ದ ಮಲ್ಲಿಕಾಳ ಹೆಸರನ್ನು ಅವನು ಬದಲಿಸಿದ್ದ. ಫೋಟೊ ಹಾಕಿರಲಿಲ್ಲ. ಆದರೆ ಅವಳು ಎಡಗೈಯಲ್ಲಿ ಅಡಿಕೆ ಸುಲಿಯುತ್ತಾಳೆ, ಪಕ್ಕದವರು ಒಂದು ಡಬ್ಬ ತುಂಬುವಷ್ಟರಲ್ಲಿ ಎರಡು ತುಂಬುತ್ತಾಳೆ ಎಂದು ಬರೆದಿದ್ದ. ಆ ವಾಕ್ಯ ಅವನಿಗೆ ಬಹಳ ಹಿಡಿಸಿತ್ತು. ಕಷ್ಟದಲ್ಲಿರುವ ಬೇರೆ ಹೆಂಗಸರಿಗೂ ಗೊತ್ತಾಗಲೆಂದು, ಮನೆ ಪರಮಶಿವಯ್ಯನವರ ಅಕ್ಕಿ ಗಿರಣಿಯ ಹಿಂದಿದೆ ಎಂದೂ ಸೇರಿಸಿದ್ದ.

ಬುಧವಾರ ಬೆಳಿಗ್ಗೆ ಆ ಮನೆ ನೋಡಿಕೊಳ್ಳುವ ದೇವಕಿ ಫೋನ್ ಮಾಡಿ, "ಒಂದ್ಸಲ ಬಂದು ಹೋಗು" ಎಂದಷ್ಟೇ ಹೇಳಿ ಇಟ್ಟರು.

ಬಾಗಿಲಲ್ಲೇ ಅವರು ನಿಂತಿದ್ದರು.

"ಬಾ ಮಾರಾಯ. ಫೋನ್ ನಂಬರ್ ಮಾತ್ರ ಹಾಕು ಅಂದಿದ್ದೆ. ದಾರಿ ನಕ್ಷೆನೂ ಅಚ್ಚು ಹಾಕಿಸ್ಬೇಕಿತ್ತು, ಕಮ್ಮಿ ಆಯ್ತು."

"ಎಂತ ಆಯ್ತು ದೇವಕಕ್ಕ?"

"ಮಲ್ಲಿಕಾನ ಗಂಡ ಬಂದಿದ್ದ, ಪೇಪರ್ ಹಿಡ್ಕೊಂಡು. ಅವರೂರು ಶೆಟ್ಟಿಕೊಪ್ಪದಲ್ಲಿ, ಅಡಿಕೆ ಸುಲಿಯೋ ಚಪ್ಪರದಲ್ಲಿ ಯಾರೋ ಜೋರಾಗಿ ಓದಿದಾರೆ. ಎಡಗೈ ಅಂದ ಕೂಡ್ಲೇ ಎಲ್ರೂ ಒಟ್ಟಿಗೆ ಅವಳ ಹೆಸರು ಹೇಳಿದ್ರಂತೆ. ಪೊಲೀಸ್ರು ಬಂದು ಅವನನ್ನ ಆಚೆ ಕಳ್ಸಿದ್ರು. ಗಂಡ ಹೆಂಡ್ತಿ ಜಗಳ ಅಂತ ಅವ್ರೂ ಹೋದ್ರು. ಈಗ ಗಿರಣಿ ಮೂಲೆ ಹೋಟ್ಲಲ್ಲಿ ಕೂತು ಈ ಕಡೆನೇ ನೋಡ್ತಿದಾನೆ."

ಮಲ್ಲಿಕಾ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಕಟ್ಟಿದ ಚೀಲ. ಹತ್ತಿರದ ಹಿರೇಕೊಡಿಗೆಯಲ್ಲಿ ಅಡಿಕೆ ಸುಲಿಯುವ ಕೆಲಸಕ್ಕೆ ಸೇರಿ ಅವಳಿಗೆ ಹತ್ತು ದಿನವಾಗಿತ್ತಷ್ಟೆ.

"ನಾನು ಹೆಸರು ಬದಲಿಸಿದ್ದೆ," ಎಂದ ಪ್ರಸನ್ನಕುಮಾರ್. ಮಾತು ಬಾಯಿಂದ ಬಿದ್ದ ಮೇಲೆ ಅದೆಷ್ಟು ಸಣ್ಣದೆಂದು ಅವನಿಗೇ ಗೊತ್ತಾಯಿತು.

"ಹೆಸ್ರು ಬದ್ಲಿಸಿದ್ರಿ ಸಾರ್. ಕೈ ಬದ್ಲಿಸಕ್ಕಾಗ್ತದಾ?" ಎಂದಳು ಮಲ್ಲಿಕಾ. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಶಿವಮೊಗ್ಗದ ಆಶ್ರಯ ಮನೆಯವರು ಅವಳನ್ನು ಇಟ್ಟುಕೊಳ್ಳಲು ಒಪ್ಪಿದ್ದರು. ಅವಳನ್ನು ಕರೆದೊಯ್ಯುವ ಜೀಪು ಹಿತ್ತಲ ಕಡೆಯಿಂದ ಬರುವುದಿತ್ತು. ಆದರೆ ರಸ್ತೆಗೆ ಇಳಿಯಬೇಕಾದದ್ದು ಆ ಹೋಟೆಲಿನ ಎದುರೇ.

"ಅವನ ಮುಖ ಒಳಗೆ ತಿರುಗಿರಬೇಕು. ಹತ್ತು ನಿಮಿಷ ಸಾಕು. ಮಾತಾಡ್ಸೋದು ನಿನ್ನ ಕಸುಬಲ್ವಾ, ಹೋಗು," ಎಂದರು ದೇವಕಿ.

ಮಲ್ಲಿಕಾಳ ಗಂಡ ಸುಂದರೇಶ್ ಹೋಟೆಲಿನ ಹೊರಗಿನ ಬೆಂಚಿನಲ್ಲಿ ಕೂತಿದ್ದ. ಶರ್ಟು ಇಸ್ತ್ರಿಯಾಗಿತ್ತು. ಪ್ರಸನ್ನಕುಮಾರ್ ತನ್ನ ಪರಿಚಯ ಹೇಳಿ, ನಿಮ್ಮ ಮಾತನ್ನೂ ಕೇಳಬೇಕು, ಒಳಗೆ ಕೂರೋಣ ಎಂದ. ಸುಂದರೇಶ್ ಎದ್ದು ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡ.

"ಅದು ಬರ್ದಿದ್ದು ನೀವಾ ಸಾರ್? ದೇವರು ಬಂದಂಗೆ ಬಂದ್ರಿ. ಮೂರು ವಾರ ಬಾಳೆಹೊನ್ನೂರು, ಶೃಂಗೇರಿ ಎಲ್ಲಾ ಸುತ್ತಿದೀನಿ. ನೀವು ಬರೀದಿದ್ರೆ ಈ ಜನ್ಮದಲ್ಲಿ ಸಿಗ್ತಿರ್ಲಿಲ್ಲ ಅವಳು."

ಅವನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ ಪ್ರಸನ್ನಕುಮಾರ್ ಟಿಪ್ಪಣಿ ಪುಸ್ತಕ ತೆರೆದ. ಹೊರಗೆ ಜೀಪು ಗೇರ್ ಬದಲಿಸಿದ ಸದ್ದು ಕೇಳಿಸಿತು. ಸುಂದರೇಶ್ ಕತ್ತು ತಿರುಗಿಸತೊಡಗಿದ.

"ಮದುವೆ ಆದದ್ದು ಯಾವ ವರ್ಷ?" ಪ್ರಸನ್ನಕುಮಾರ್ ತುಸು ಜೋರಾಗಿಯೇ ಕೇಳಿದ.

"ತೊಂಬತ್ತೆಂಟು," ಎಂದು ಅವನು ಇತ್ತ ತಿರುಗಿದ. "ಬರ್ಕೊಳಿ, ಎಲ್ಲಾ ಹೇಳ್ತೀನಿ. ಹೆಂಗಸರಿಗೆ ಸ್ವಲ್ಪ ಹೆದರಿಕೆ ಇರ್ಬೇಕು ಸಾರ್, ನೀವೂ ಸಂಸಾರಸ್ಥರು, ನಿಮಗೆ ಗೊತ್ತಿರ್ತದೆ."

ಸದ್ದು ತೀರ್ಥಹಳ್ಳಿ ರಸ್ತೆಯ ಕಡೆ ಸಣ್ಣದಾಗುತ್ತ ಹೋಯಿತು. ಇನ್ನೂ ಏಳು ನಿಮಿಷ ಕೂರಬೇಕಿತ್ತು. ಸುಂದರೇಶ್ ಎರಡು ಟೀ ಹೇಳಿ, ಮೊದಲು ಬಂದ ಲೋಟವನ್ನು ಅವನ ಮುಂದೆ ಸರಿಸಿದ.

"ಕುಡೀರಿ ಸಾರ್. ಇಷ್ಟಾದ್ರೂ ಮಾಡ್ದಿದ್ರೆ ಹೆಂಗೆ?"

ಪ್ರಸನ್ನಕುಮಾರ್ ಲೋಟ ಎತ್ತಿ ಕುಡಿದ.