ಯಾವ ಪುಟ್ಟಿ?

ಹಾಸಿಗೆ ಅಂಗಡಿಯ ಹತ್ತಿಗೆ ಬೆಂಕಿ ಬಿದ್ದು ಬೀದಿಯೆಲ್ಲ ಹೊಗೆ ತುಂಬಿದಾಗ, ಟೈಲರಮ್ಮ ಹೊಲಿಗೆ ಮಿಷನ್ ಬಿಟ್ಟು ಎದ್ದುಬಿದ್ದು ಓಡಿದಳು. ಆ ಅಂಗಡಿಯ ಪಕ್ಕದಲ್ಲೇ ಶಿಶುವಿಹಾರ. ಅವಳ ಮೂರು ವರ್ಷದ ಮಗಳು ಪುಟ್ಟಿ ಹಗಲೆಲ್ಲ ಇರುವುದು ಅಲ್ಲೇ.

ಬಾಗಿಲು ಹಾರುಹೊಡೆದಿತ್ತು. ಒಳಗೆ ಚಾಪೆ, ಅರ್ಧ ಕುಡಿದಿಟ್ಟ ಹಾಲಿನ ಲೋಟಗಳು, ಪುಟಾಣಿ ಚಪ್ಪಲಿಗಳು. ಮಕ್ಕಳು ಮಾತ್ರ ಇಲ್ಲ.

"ಶಾಲೆ ಕಡೆ ಹೋದ್ರು," ಎಂದ ಕಟಿಂಗ್ ಶಾಪಿನವನು.

"ಇಲ್ಲಮ್ಮ, ನೀರಿನ ಟ್ಯಾಂಕಿನ ಕಡೆ," ಎಂದ ಇಸ್ತ್ರಿಯವನು.

ಇಬ್ಬರದ್ದೂ ನಿಜವೇ. ಟೀಚರ್ ಒಂದು ಕಡೆ, ಆಯಾ ಒಂದು ಕಡೆ, ಕೈಗೆ ಸಿಕ್ಕ ಮಕ್ಕಳನ್ನು ಕರೆದುಕೊಂಡು ಓಡಿದ್ದರು. ಎಲ್ಲಿ ಸೇರಬೇಕೆಂದು ಅವರು ಎಂದೂ ಮಾತಾಡಿಕೊಂಡಿರಲಿಲ್ಲ.

ಟ್ಯಾಂಕಿನ ಹತ್ತಿರ ಆಯಾ ಸಿಕ್ಕಳು.

"ನಮ್ಮ ಪುಟ್ಟಿ ಎಲ್ಲಿ?"

"ಪುಟ್ಟಿನಾ? ಅವಳ ಚಿಕ್ಕಮ್ಮ ಬಂದು ಕರ್ಕೊಂಡು ಹೋದ್ರಲ್ಲ."

ಟೈಲರಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. "ನನಗೆ ತಂಗಿ ಇಲ್ಲ. ನನ್ನ ಗಂಡನಿಗೆ ತಮ್ಮ ಇಲ್ಲ. ಚಿಕ್ಕಮ್ಮ ಎಲ್ಲಿಂದ ಬಂದ್ಲು?"

ಶಿಶುವಿಹಾರದಲ್ಲಿ ಇಬ್ಬರು ಪುಟ್ಟಿಯರಿದ್ದರು. ಹೊಗೆಯಲ್ಲಿ ತಾನು ಕೊಟ್ಟದ್ದು ಯಾವ ಪುಟ್ಟಿಯನ್ನು ಎಂದು ಆಯಾಗೇ ಗೊತ್ತಾಗಲಿಲ್ಲ. ಟೈಲರಮ್ಮ ಶಾಲೆಯ ಕಡೆ ಓಡಿದಳು.

ಚಿಕ್ಕಮ್ಮನ ಜೊತೆ ಹೋದವಳು ಇನ್ನೊಬ್ಬ ಪುಟ್ಟಿ. ಟೈಲರಮ್ಮನ ಪುಟ್ಟಿ ಗದ್ದಲದಲ್ಲಿ ಟೀಚರ್ ಕೈ ತಪ್ಪಿ, ಬೀದಿಯ ತಿರುವಿನಲ್ಲಿ ಅಳುತ್ತಾ ನಿಂತಿದ್ದಳು. ಅಲ್ಲಿನ ಕ್ಲಿನಿಕ್ಕಿನ ನರ್ಸಕ್ಕ ಒಳಗೆ ಕರೆದು ಕೂರಿಸಿಕೊಂಡಿದ್ದರು. ಹುಡುಕುತ್ತಾ ಬಂದ ಟೈಲರಮ್ಮನಿಗೆ ಮಗಳು ಅಲ್ಲೇ ಸಿಕ್ಕಳು.

"ಹೆಸರು ಕೇಳಿದ್ರೆ ಪುಟ್ಟಿ ಅಂತಾಳೆ. ಅಮ್ಮನ ಹೆಸರು ಕೇಳಿದ್ರೆ ಅಮ್ಮ ಅಂತಾಳೆ. ಮನೆ ಎಲ್ಲಿ ಅಂದ್ರೆ ಅಲ್ಲಿ ಅಂತಾಳೆ. ನಾನು ಯಾರನ್ನ ಹುಡುಕ್ಲಿ ಹೇಳಿ?" ಎಂದರು ನರ್ಸಕ್ಕ.

ಸಂಜೆ ನರ್ಸಕ್ಕ ಮನೆಗೆ ಬಂದು ಇದೇ ಮಾತೆತ್ತಿದಾಗ ಟೈಲರಮ್ಮನ ಗಂಡ, ಲಾರಿ ಡ್ರೈವರು, ಮಾತು ಮುಗಿಸಲು ನೋಡಿದ. "ಸಿಕ್ಕಿದ್ಲಲ್ಲ, ಬಿಡಿ ಅಕ್ಕ. ದಿನಾ ಬೆಂಕಿ ಬೀಳುತ್ತಾ?"

"ಲಾರೀಲಿ ಸ್ಟೆಪ್ನಿ ಯಾಕೆ ಇಟ್ಕೊಂಡಿದ್ದೀರಿ? ದಿನಾ ಪಂಕ್ಚರ್ ಆಗುತ್ತಾ?" ಎಂದರು ನರ್ಸಕ್ಕ. "ನಾನು ಕೈ ಹಿಡ್ದೆ, ಸರಿಹೋಯ್ತು. ಬೇರೆ ಯಾರೋ ಹಿಡ್ದಿದ್ರೆ?"

ಅವನು ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡ.

ಮರುದಿನ ಲಾರಿ ತಡವಾಗಿ ಹೊರಟಿತು. ಅವನೇ ಶಿಶುವಿಹಾರಕ್ಕೆ ಹೋಗಿ ಕೂತು ಮಾತಾಡಿದ. ಏನೇ ಆದರೂ ಎಲ್ಲರೂ ಶಾಲೆಯ ಅಂಗಳಕ್ಕೇ ಹೋಗಬೇಕು ಎಂದಾಯಿತು. ಮಗುವನ್ನು ಯಾರ ಕೈಗೆ ಕೊಡಬಹುದೆಂದು ಮನೆಯವರು ಮೊದಲೇ ತಿಳಿಸಬೇಕು. ಬೇರೆ ಯಾರು ಬಂದರೂ ಕೊಡುವಂತಿಲ್ಲ. ಟೈಲರಮ್ಮ ಮಕ್ಕಳ ಅಂಗಿಯ ಒಳಮಗ್ಗುಲಿಗೆ ಪೂರ್ತಿ ಹೆಸರು, ಫೋನ್ ನಂಬರ್ ಹೊಲಿದುಕೊಟ್ಟಳು. ಈಗ ತಿಂಗಳಿಗೊಮ್ಮೆ ಗಂಟೆ ಬಾರಿಸಿ, ಮಕ್ಕಳನ್ನು ಅಂಗಳಕ್ಕೆ ನಡೆಸಿ, ಎಣಿಸುತ್ತಾರೆ. ಮೊದಲ ಸಲ ಅರ್ಧ ಮಕ್ಕಳು ಊಟದ ಗಂಟೆ ಅಂದುಕೊಂಡು ತಟ್ಟೆ ಹಿಡಿದು ಬಂದರು. ಇರಲಿ, ಬಂದರಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಾಳೆ ಮಗುವನ್ನು ಬಿಡಲು ಹೋದಾಗ ಬಾಗಿಲಲ್ಲೇ ಕೇಳಿ: ಓಡಬೇಕಾಗಿ ಬಂದರೆ ನನ್ನ ಮಗುವನ್ನು ಎಲ್ಲಿಗೆ ಕರೆದೊಯ್ಯುತ್ತೀರಿ, ಯಾರ ಕೈಗೆ ಕೊಡುತ್ತೀರಿ? ಅವರು ತಡವರಿಸಿದರೆ ಬೈಯಬೇಡಿ. ಕೆಲಸಕ್ಕೆ ತಡವಾದರೂ ಆಗಲಿ, ಅಲ್ಲೇ ನಿಂತು ತೀರ್ಮಾನ ಮಾಡಿಕೊಂಡೇ ಹೊರಡಿ.